ಪತ್ತೇದಾರನ ಮನೆಗೆ ಧೂಳು ಹಾಕುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಟುಡಿಯೋದ ಹಿಂದಿನ ಶೆಡ್ಡಿನ ಬೀಗ ತೆಗೆದು ಧೂಳಮ್ಮ ಒಳಗೆ ಬರುತ್ತಾಳೆ. ದೀಪ ಹಾಕುವುದಿಲ್ಲ. ಚೀಲದಿಂದ ಟಾರ್ಚು ತೆಗೆದು, ಹೊಸ್ತಿಲ ಹತ್ತಿರ ಮಂಡಿಯೂರಿ, ಅದನ್ನು ನೆಲಕ್ಕೆ ತಾಗಿಸಿ ಹಿಡಿಯುತ್ತಾಳೆ. ಬೆಳಕು ಚಾಪೆ ಹಾಸಿದ ಹಾಗೆ ನೆಲದ ಉದ್ದಕ್ಕೂ ಹರಡಿಕೊಳ್ಳುತ್ತದೆ. ನಿಂತು ನೋಡಿದರೆ ಕಾಣದ್ದೆಲ್ಲ ಈ ಅಡ್ಡಬೆಳಕಿಗೆ ಎದ್ದು ಕಾಣುತ್ತದೆ: ಜಿರಲೆ ಓಡಿದ ಗೆರೆ, ಸೂರಿನಿಂದ ಉದುರಿದ ಬಣ್ಣದ ಚೂರು. ಮನುಷ್ಯರ ಹೆಜ್ಜೆ ಇದ್ದರೆ ಅದೂ.

ಹೆಜ್ಜೆ ಇಲ್ಲ. ನಿನ್ನೆ ಸಂಜೆ ಅವಳು ಹರಡಿಹೋದ ಧೂಳು ಆರಿದ ಹಾಲಿನ ಮೇಲಿನ ಕೆನೆಯ ಹಾಗೆ ಎಲ್ಲೂ ಒಡೆಯದೆ ಕೂತಿದೆ.

ಆದರೆ ಕೋಣೆಯ ನಡುವೆ, ಕುರ್ಚಿಯ ಬೆನ್ನಿಗೆ ಹಾಕಿದ ಹಸಿರು ಶಾಲು ಮಗ್ಗುಲು ಬದಲಿಸಿದೆ. ಅದರ ಅಂಚಿನಲ್ಲಿ ಕೆಂಪು ದಾರದ ಒಂದು ಹೊಲಿಗೆ ಇದೆ. ಆ ಹೊಲಿಗೆ ಕುರ್ಚಿಯ ಕಡೆಗೆ, ಒಳಮುಖವಾಗಿ ಇರಬೇಕು. ನಿನ್ನೆ ಅವಳೇ ಹಾಗೆ ಇಟ್ಟು ಹೋಗಿದ್ದಾಳೆ. ಈಗ ಅದು ಬಾಗಿಲ ಕಡೆ ನೋಡುತ್ತಿದೆ.

"ಮತ್ತೆ ತಿರುಗಿದೀಯಾ," ಎನ್ನುತ್ತಾಳೆ ಧೂಳಮ್ಮ, ನಿದ್ದೆಯಲ್ಲಿ ಹೊದಿಕೆ ಒದ್ದ ಮಗುವಿಗೆ ಹೇಳುವ ದನಿಯಲ್ಲಿ. ಬಟ್ಟೆಯ ಚೀಲ ಸುತ್ತಿದ ಕಾಲಲ್ಲಿ ಒಳಗೆ ಹೋಗಿ, ಶಾಲನ್ನು ಮೊದಲಿನ ಹಾಗೆ ತಿರುಗಿಸಿ, ತನ್ನ ಹೆಜ್ಜೆಯ ಮೇಲೆ ತಾನೇ ಧೂಳು ಉದುರಿಸುತ್ತಾ ಹಿಂದಕ್ಕೆ ನಡೆದು ಹೊರಬರುತ್ತಾಳೆ. ಇದು ಅವಳಿಗೆ ಈಗ ಅಭ್ಯಾಸ.

ವಾರಕ್ಕೊಮ್ಮೆ ಟೀವಿಯಲ್ಲಿ ಬರುವ ಪತ್ತೇದಾರನ ಧಾರಾವಾಹಿ ಗೊತ್ತಿಲ್ಲದ ಮನೆ ಕಡಿಮೆ. ನಿದ್ದೆ ಬಾರದ, ಯಾರ ಜೊತೆಗೂ ಹೊಂದಿಕೊಳ್ಳದ ಒಬ್ಬ ಪತ್ತೇದಾರ. ಊರಿನಲ್ಲಿ ಕಳೆದುಹೋದವರನ್ನೆಲ್ಲ ಹುಡುಕಿಕೊಡುತ್ತಾನೆ. ಒಂದು ದಿನ ಮನೆಯಿಂದ ಹೊರಟು ಮತ್ತೆ ಬಾರದ ತನ್ನ ಹೆಂಡತಿಯನ್ನು ಮಾತ್ರ ಹುಡುಕಲಾರ. ಪ್ರತಿ ಕಂತಿನ ಕೊನೆಗೂ ಅವನು ಈ ಕೋಣೆಗೆ ಬಂದು, ಅವಳ ಶಾಲು ಹಾಕಿದ ಕುರ್ಚಿಯ ಎದುರು ಕೂತು, ಆ ದಿನ ನಡೆದದ್ದನ್ನೆಲ್ಲ ಶಾಲಿಗೆ ಹೇಳುತ್ತಾನೆ. ನೋಡುವವರು ಆ ಹೊತ್ತಿಗೆ ಪಾತ್ರೆ ತೊಳೆಯುವುದನ್ನೂ ನಿಲ್ಲಿಸಿ ಬಂದು ಕೂರುತ್ತಾರೆ.

ಆ ಕೋಣೆಯನ್ನು ವರ್ಷಗಟ್ಟಲೆ ಒಂದೇ ಥರ ಇಟ್ಟುಕೊಂಡು ಬಂದವಳು ಧೂಳಮ್ಮ. ಹೆಂಡತಿ ಹೋದ ದಿನದಿಂದ ಪತ್ತೇದಾರ ಮನೆಯನ್ನು ಒರೆಸಿಲ್ಲ, ಒಂದು ಲೋಟವನ್ನೂ ಕದಲಿಸಿಲ್ಲ, ಕಥೆ ಹಾಗಿದೆ. ಆದರೆ ಶೂಟಿಂಗ್ ಎಂದರೆ ಕ್ಯಾಮೆರಾ, ದೀಪ, ವೈರು, ನೂರು ಕಾಲು. ಒಂದು ಗಂಟೆಯಲ್ಲಿ ವರ್ಷಗಳ ಧೂಳು ಎದ್ದು ಹೋಗುತ್ತದೆ. ಮತ್ತೆ ಅದನ್ನು ಕೂರಿಸುವುದು ಅವಳ ಕೆಲಸ. ಜರಡಿ ಹಿಡಿದ ಮಣ್ಣು, ಒಂದಿಷ್ಟು ಬೂದಿ, ಒಂದಿಷ್ಟು ಟಾಲ್ಕಂ ಪೌಡರು. ಹಳೆಯ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ತಲೆಯ ಮೇಲಕ್ಕೆ ಹಿಡಿದು, ಸ್ನಾನ ಮಾಡಿಸಿದ ಕೂಸಿಗೆ ಪೌಡರು ತಟ್ಟುವ ಹಾಗೆ ಮೆಲ್ಲಗೆ ತಟ್ಟುತ್ತಾಳೆ. ಆಮೇಲೆ ಉಸಿರು ಬಿಗಿಹಿಡಿದು ಕಾಯುತ್ತಾಳೆ.

"ಧೂಳನ್ನ ಹಾಕಬಾರದು, ಅದೇ ಬಂದು ಕೂತ್ಕೊಳ್ಳೋ ಹಾಗೆ ಬಿಡಬೇಕು," ಎನ್ನುತ್ತಾಳೆ. "ಹಿಟ್ಟು ಎರಚಿದಂಗೆ ಎರಚಿದ್ರೆ ಅಡುಗೆಮನೆ ಆಗುತ್ತೆ, ಬಿಟ್ಟುಹೋದ ಮನೆ ಆಗಲ್ಲ."

ಅವಳು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಧೂಳು ಊದುತ್ತಿದ್ದ ಬಣ್ಣದ ಕೆಲಸದವನು ಸೀನಿ ಸೀನಿ ಸಾಕಾಗಿ ಕೆಲಸ ಬಿಟ್ಟ. ಪೊರಕೆ ಹಿಡಿದು ನಿಂತಿದ್ದವಳನ್ನೇ ನಿರ್ದೇಶಕ ಕರೆದ. "ತೆಗೆಯೋಕೆ ಬರುತ್ತಲ್ಲಮ್ಮ, ಹಾಕೋಕೂ ಬರಬಹುದು, ನೋಡು." ಅವತ್ತಿನಿಂದ ಹೆಸರು ಧೂಳಮ್ಮ. ಬಸ್ಸು ರಿಪೇರಿ ಮಾಡುವ ಅವಳ ಗಂಡನಿಗೆ ಇದು ಇಂದಿಗೂ ತಮಾಷೆ. "ಹೊರಗೆ ಧೂಳು ಹಾಕೋಕೆ ಇವಳಿಗೆ ಸಂಬಳ. ಮನೇಲಿ ಧೂಳು ಹೊಡೆಯೋಕೆ ನಾನು ಬಿಟ್ಟಿ."

ಒಮ್ಮೆ ಹೊಸದಾಗಿ ಸೇರಿದ ಕೆಲಸದಾಕೆಯೊಬ್ಬಳು ಯಾರಿಗೂ ಹೇಳದೆ ಕೋಣೆಯನ್ನೆಲ್ಲ ಗುಡಿಸಿ, ಒರೆಸಿ, ಲೋಟದ ಕರೆಯನ್ನೂ ತಿಕ್ಕಿ ತೆಗೆದುಬಿಟ್ಟಿದ್ದಳು. ಪತ್ತೇದಾರನ ಮನೆ ಮದುವೆಮನೆಯ ಹಾಗೆ ಫಳಫಳ. ಶೂಟಿಂಗ್ ನಿಂತಿತು, ಬೈಗುಳ ಶುರುವಾಯಿತು, ಆಕೆ ಬಾಗಿಲ ಸಂದಿಯಲ್ಲಿ ನಿಂತು ಅಳತೊಡಗಿದಳು. ಧೂಳಮ್ಮ ಅವಳ ಕೈಗೇ ಧೂಳಿನ ಗಂಟು ಕೊಟ್ಟಳಂತೆ. "ಅಳಬೇಡ ಕಣೇ. ನಿಮ್ಮಮ್ಮ ಚೆನ್ನಾಗೇ ಕಲಿಸಿದಾರೆ. ಇಲ್ಲಿ ಮಾತ್ರ ಕೆಟ್ಟದಾಗಿ ಕಲೀಬೇಕು, ಬಾ."

ಈ ಧಾರಾವಾಹಿಯ ಅಭಿಮಾನಿಗಳೂ ಒಂಥರಾ ಪತ್ತೇದಾರರೇ. ಹೋದ ವಾರ ಗಡಿಯಾರ ಬೇರೆ ಕಡೆ ಇತ್ತು, ಪತ್ತೇದಾರನ ಅಂಗಿಯ ಗುಂಡಿ ಬದಲಾಗಿದೆ ಎಂದು ತಪ್ಪು ಹುಡುಕಿ ಬರೆಯುತ್ತಾರೆ. ಆದರೆ ಈ ಕೋಣೆಯ ಧೂಳಿನಲ್ಲಿ, ಲೋಟದಲ್ಲಿ, ಶಾಲಿನ ಮಡಿಕೆಯಲ್ಲಿ ಇಂದಿನವರೆಗೂ ಯಾರೂ ತಪ್ಪು ಹಿಡಿದಿಲ್ಲ. ಅದನ್ನು ಹೇಳುವಾಗ ಮಾತ್ರ ಧೂಳಮ್ಮನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ.

ಧೂಳು ಹೇಗೆ ಕೂರುತ್ತದೆ ಎಂದು ಕಲಿತದ್ದೆಲ್ಲಿ? ಹೀಗೆ ಕೇಳಿದರೆ ಅವಳು ಮೊದಲು ಧೂಳಿನ ಗಂಟನ್ನು ಕೈಗೆತ್ತಿಕೊಳ್ಳುತ್ತಾಳೆ. ಗಂಟು ಬಿಚ್ಚುತ್ತಾಳೆ, ಕಟ್ಟುತ್ತಾಳೆ.

"ಕಲಿತಿಲ್ಲ. ನೋಡಿದ್ದೆ. ನಮ್ಮನೇಲೂ ಒಂದು ಕುರ್ಚಿ ಇದೆ."

ಆ ಕುರ್ಚಿಯ ಮೇಲೆ ಅವಳ ತಂಗಿ ಒಂದು ಬೆಳಗ್ಗೆ ಈ ಹಸಿರು ಶಾಲನ್ನು ಹಾಕಿ ಹೋದಳು. "ಬಿಸಿಲಿದೆ, ಯಾಕೆ ಹೊತ್ತುಕೊಂಡು ತಿರುಗಲಿ, ಸಂಜೆ ಬರ್ತೀನಲ್ಲ," ಅಂದಳು. ಕೆಲಸ ಮಾಡುತ್ತಿದ್ದ ಬಟ್ಟೆಯಂಗಡಿಗೆ ಹೋಗಲಿಲ್ಲ. ಮನೆಗೂ ಬರಲಿಲ್ಲ. ಜಗಳ ಇರಲಿಲ್ಲ, ಚೀಟಿ ಇರಲಿಲ್ಲ, ಪ್ರೀತಿ ಗೀತಿ ಎಂದು ಗುಟ್ಟು ಗೊತ್ತಿದ್ದ ಗೆಳತಿಯರೂ ಇರಲಿಲ್ಲ. ಪೊಲೀಸರು ಬಂದರು, ಶಾಲನ್ನು ಕೊಡವಿ ನೋಡಿದರು, ಸಿಕ್ಕರೆ ಹೇಳುತ್ತೇವೆ ಎಂದು ಹೋದರು. ಆಗ ಧೂಳಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ಈಗ ಅವಳ ಕೂದಲು ಅರ್ಧ ಬೆಳ್ಳಗಾಗಿದೆ.

ತಾಯಿ ಆ ಕುರ್ಚಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. "ಅವಳದ್ದು. ಅವಳೇ ಬಂದು ಒರೆಸ್ಕೊಳ್ಳಲಿ." ಮನೆಯ ಉಳಿದ ಮೂಲೆಗಳೆಲ್ಲ ಕನ್ನಡಿಯಂತಿದ್ದರೂ ಆ ಒಂದು ಕುರ್ಚಿಯ ಮೇಲೆ ಧೂಳು ಬೆಳೆಯುತ್ತಾ ಹೋಯಿತು. ಅಕ್ಕ ಅದನ್ನು ದಿನವೂ ನೋಡಿದಳು. ಮೊದಲು ಮಂಜಿನ ಹಾಗೆ, ಆಮೇಲೆ ಕೆನೆಯ ಹಾಗೆ, ಆಮೇಲೆ ಕಂಬಳಿಯ ಹಾಗೆ.

ಕೆಂಪು ಹೊಲಿಗೆಯದೂ ಒಂದು ಕಥೆ. ತಂಗಿಯ ಶಾಲು ಮೊಳೆಗೆ ಸಿಕ್ಕಿ ಹರಿದಿತ್ತು. ಮನೆಯಲ್ಲಿ ಹಸಿರು ದಾರ ಮುಗಿದಿತ್ತು. ನಾಳೆ ತಂದು ಹೊಲಿಯೋಣ ಎಂದರೆ ಕೇಳುವ ಹುಡುಗಿಯಲ್ಲ. ಕೊನೆಗೆ ಅಕ್ಕ ಕೆಂಪು ದಾರದಲ್ಲೇ ಹೊಲಿದಳು. ತಂಗಿ ಅದನ್ನು ಎತ್ತಿ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಕ್ಕಾ, ಗಿಣಿಗೆ ಕೊಕ್ಕು ಅಂಟಿಸಿದೀಯಲ್ಲೇ!" ಅಲ್ಲಿಂದ ಅದು ಗಿಣಿ ಶಾಲು. ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಆ ಹೆಸರು ಗೊತ್ತಿರಲಿಲ್ಲ.

ಧಾರಾವಾಹಿ ಶುರುವಾದ ದಿನ, ಬಾಡಿಗೆಗೆ ತಂದಿದ್ದ ಶಾಲನ್ನು ಇಲಿ ಕಡಿದಿತ್ತು. ಕ್ಯಾಮೆರಾ ಸಿದ್ಧ, ಪತ್ತೇದಾರ ಸಿದ್ಧ, ಕುರ್ಚಿ ಬೋಳು. "ಯಾವುದಾದ್ರೂ ಹೆಂಗಸರ ಶಾಲು ತನ್ನಿ!" ಎಂದು ಕೂಗಾಟ. ಧೂಳಮ್ಮನ ಮನೆ ಎರಡು ಬೀದಿ ಆಚೆ. ಓಡಿದಳು. ಕುರ್ಚಿಯಿಂದ ಶಾಲು ಎತ್ತುವಾಗ ತಾಯಿ ಒಲೆಯ ಮುಂದೆ ನಿಂತು ನೋಡಿದರು, ತಡೆಯಲಿಲ್ಲ. ಶಾಲು ಇದ್ದ ಜಾಗದಲ್ಲಿ ಮರ ಹೊಸದರಂತೆ ಹೊಳೆಯುತ್ತಿತ್ತು.

"ಒಂದು ದಿನಕ್ಕೆ ಅಂತ ತಂದೆ," ಎನ್ನುತ್ತಾಳೆ. "ಒಂದು ಸಲ ಟೀವೀಲಿ ಬಂದ್ಮೇಲೆ ಬದಲಾಯಿಸೋ ಹಾಗಿಲ್ಲ. ನಂಗೂ ಅದೇ ಬೇಕಾಗಿತ್ತು. ಅವಳಿಗೆ ಟೀವಿ ಅಂದ್ರೆ ಪ್ರಾಣ. ಎಲ್ಲಿದ್ರೂ ನೋಡೇ ನೋಡ್ತಾಳೆ. ನೋಡಿದ್ರೆ ಗೊತ್ತಾಗುತ್ತೆ, ನಾವಿನ್ನೂ ಎತ್ತಿಟ್ಟಿಲ್ಲ ಅಂತ."

ತಾಯಿಗೆ ಈಗ ಕಣ್ಣು ಮಂಜು. ಆದರೂ ಪ್ರತಿ ವಾರ ಟೀವಿಯ ಮುಂದೆ ಕೂರುತ್ತಾರೆ. ಕೊಲೆ ಯಾರು ಮಾಡಿದರು, ಯಾಕೆ ಮಾಡಿದರು ಎಂಬುದೆಲ್ಲ ಅವರಿಗೆ ಬೇಡ. ಕೊನೆಗೆ ಹಸಿರು ಬಣ್ಣ ಕಂಡ ಕೂಡಲೇ, "ಹಾಂ, ಇದೆ," ಎಂದು ಎದ್ದು ಒಳಗೆ ಹೋಗುತ್ತಾರೆ.

ಗುಟ್ಟು ಹೀಗೆ ಮೂವರೊಳಗೆ ಉಳಿದಿತ್ತು: ಧೂಳಮ್ಮ, ತಾಯಿ, ಗಂಡ. ಪತ್ತೇದಾರನ ಪಾತ್ರ ಮಾಡುವ ನಟನಿಗೆ ಮಾತ್ರ ಸ್ವಲ್ಪ ಅನುಮಾನವಿತ್ತು. ಆತ ಪರದೆಯ ಮೇಲಷ್ಟೇ ನಿದ್ದೆಗೆಟ್ಟವನು. ಸೆಟ್ಟಿನಲ್ಲಿ ಎರಡು ಶಾಟಿನ ನಡುವೆ ಕೂತಲ್ಲೇ ಗೊರಕೆ ಹೊಡೆಯುತ್ತಾನೆ. ಅವನನ್ನು ಎಬ್ಬಿಸುವುದೂ ಧೂಳಮ್ಮನ ಪಾಲಿಗೆ ಬಂದ ಕೆಲಸ. "ಏಳಪ್ಪಾ, ನಿದ್ದೆ ಬರಲ್ಲ ಅಂತ ಡೈಲಾಗ್ ಹೇಳಬೇಕಂತೆ ನೀನು!" ಒಂದು ದಿನ ಕಣ್ಣುಜ್ಜಿಕೊಳ್ಳುತ್ತಾ ಅವನು ಕೇಳಿದ. "ಅಕ್ಕಾ, ಈ ಶಾಲು ಅಂಗಡೀದಲ್ಲ ಅಲ್ವಾ? ಯಾರೋ ಹೊದ್ದು ತಿರುಗಿದ್ದು."

"ಬಟ್ಟೆ ಅಂದ್ಮೇಲೆ ಯಾರೋ ಹೊದ್ದಿರ್ತಾರೆ. ಮುಖ ತೊಳ್ಕೋ ಹೋಗು."

ಈಗ ಧಾರಾವಾಹಿ ಮುಗಿಯುತ್ತಿದೆ. ಕೊನೆಯ ಕಂತಿನಲ್ಲಿ ಹೆಂಡತಿ ಸತ್ತಿದ್ದಾಳೆ ಎಂದು ಪತ್ತೇದಾರನಿಗೆ ಖಚಿತವಾಗಬೇಕು. ಅವನು ಮನೆಗೆ ಬಂದು ಶಾಲನ್ನು ಸುಡಬೇಕು. ಕಥೆ ಬರೆಯುವವರು ಹೀಗೆ ತೀರ್ಮಾನಿಸಿದ್ದಾರೆ ಎಂದು ಧೂಳಮ್ಮನಿಗೆ ಗೊತ್ತಾದ ಮರುದಿನದ ಬೆಳಗ್ಗೆಯೇ ಶಾಲು ಮೊದಲ ಸಲ ತಿರುಗಿತ್ತು.

ಅವತ್ತು ಅವಳು ಹೊಸ್ತಿಲಲ್ಲೇ ನಿಂತಳು. ಟಾರ್ಚು ಹಿಡಿದು ನೆಲವನ್ನೆಲ್ಲ ನೋಡಿದಳು. ಬಾಗಿಲಿನಿಂದ ಕುರ್ಚಿಯವರೆಗೆ ಒಂದು ಗುರುತಿಲ್ಲ. ಕುರ್ಚಿಯ ಸೀಟಿನ ಮೇಲೆ ಹಾಕಿದ ಧೂಳು ಹಾಗೇ ಇದೆ. ಶಾಲನ್ನು ಯಾರಾದರೂ ಎತ್ತಿ ತಿರುಗಿಸಿದ್ದರೆ ಅದರಿಂದ ಉದುರಿದ ಧೂಳು ಕೆಳಗೆ ಒಂದು ಗೆರೆ ಎಳೆದಿರಬೇಕು. ಅದೂ ಇಲ್ಲ. ಬೇರೆ ಯಾರಾದರೂ ನೋಡಿದ್ದರೆ ನೆಲದಲ್ಲೇನೂ ಕಾಣುತ್ತಿಲ್ಲ ಎಂದು ಸುಮ್ಮನಾಗುತ್ತಿದ್ದರು. ಧೂಳು ಹಾಕುವವಳಿಗೆ ಮಾತ್ರ ಏನೂ ಕಾಣದಿರುವುದೇ ಭಯ.

ಕಾವಲುಗಾರನನ್ನು ಕೇಳಿದಳು. ಅವನು ಹೌಹಾರಿದ. "ನಂಗೇನು ತಲೆ ಕೆಟ್ಟಿದ್ಯಾ? ಆ ರೂಮಿಗೆ ನಾನು ಹಗಲಲ್ಲೇ ಹೋಗಲ್ಲ. ಕಿಟಕಿ ತೆಗೆದ್ರೆ ಗೋಡೆ, ಮೆಟ್ಟಿಲು ಹತ್ತಿದ್ರೆ ಸೂರು. ಅದೊಂದು ಮನೇನಾ? ಅಲ್ಲಿ ಮಾತಾಡೋದು ಬೇರೆ, ಶಾಲಿನ ಜೊತೆ!" ಎಕ್ಸಾಸ್ಟ್ ಫ್ಯಾನಿನ ಗಾಳಿ ಇರಬೇಕು ಎಂದ ಲೈಟಿನವನು. ಫ್ಯಾನಿಗೆ ಗೋಣಿ ಕಟ್ಟಿಸಿದಳು. ಮರುದಿನ ಬೆಳಗ್ಗೆಯೂ ಕೆಂಪು ಹೊಲಿಗೆ ಬಾಗಿಲ ಕಡೆ ನೋಡುತ್ತಿತ್ತು. ಅದರ ಮರುದಿನವೂ.

ದಿನವೂ ಅವಳು ಅದನ್ನು ಒಳಮುಖ ಮಾಡುತ್ತಾಳೆ. ಮೊದಲ ಕಂತಿನಲ್ಲಿ ಅವಸರದಲ್ಲಿ ಹಾಗೆ ಬಿದ್ದಿತ್ತು, ಹಾಗೇ ಇರಬೇಕು, ಅದು ಕೆಲಸ. ಮನೆಯಲ್ಲಿ ಈ ವಿಷಯ ಎತ್ತಿದಾಗ ಗಂಡ ತಮಾಷೆ ಮಾಡಲಿಲ್ಲ. ತಾಯಿ ಮಾತ್ರ ಕೇಳಿದರು. "ಮುಖ ಬಾಗಿಲ ಕಡೆಗಾ? ಹೋಗೋ ಹಾಗಾ, ಬರೋ ಹಾಗಾ?"

"ಶಾಲಿಗೆ ಮುಖ ಎಲ್ಲಿದೆ ಅಮ್ಮಾ."

"ಅದೂ ಸರಿ," ಎಂದು ತಾಯಿ ಗೋಡೆ ಕಡೆ ತಿರುಗಿ ಮಲಗಿದರು.

ಸುಡುವ ದೃಶ್ಯಕ್ಕೆ ನಕಲು ಬೇಕು. ಒಂದೇ ಸಲಕ್ಕೆ ಸರಿಹೋಗುತ್ತದೆ ಎಂದು ನಂಬುವ ಹಾಗಿಲ್ಲ. ಆದ್ದರಿಂದ ಇಂಥದೇ ಇನ್ನೆರಡು ಶಾಲು ಮಾಡಿಕೊಡು ಎಂದು ನಿರ್ದೇಶಕ ಧೂಳಮ್ಮನಿಗೇ ಹೇಳುತ್ತಾನೆ. ಅವಳು ಬಟ್ಟೆ ತರುತ್ತಾಳೆ, ಬಣ್ಣ ಹಾಕುತ್ತಾಳೆ, ಬಿಸಿಲಿಗೆ ಹಾಕಿ ಹಳತು ಮಾಡುತ್ತಾಳೆ. ಎರಡೂ ಹಸಿರು, ಎರಡೂ ಮಾಸಲು. ಪಕ್ಕದಲ್ಲಿಟ್ಟರೆ ಅಕ್ಕತಂಗಿಯರ ಹಾಗೆ. ಆದರೆ ಒಪ್ಪಿಸುವಾಗ ನಿರ್ದೇಶಕ ಅಂಚನ್ನು ಹಿಡಿದು ಹುಡುಕುತ್ತಾನೆ. "ಕೆಂಪು ಹೊಲಿಗೆ ಎಲ್ಲಮ್ಮ? ಬೆಂಕಿ ಹತ್ತುವಾಗ ಅದೇ ಕಾಣಬೇಕು ನಂಗೆ."

"ಆ ಕೊಕ್ಕು ಒಂದು ನನ್ನ ಕೈಲಿ ಆಗಲ್ಲ ಸಾರ್."

"ಏನು ಕೊಕ್ಕು?"

ಮಾತು ಬಾಯಿಂದ ಜಾರಿಬಿಟ್ಟಿದೆ. ಇಷ್ಟು ವರ್ಷ ಬಾಯಿಗೆ ಹಾಕಿದ್ದ ಬೀಗ ಕಳಚಿದೆ. ಧೂಳಮ್ಮ ಹೊಸ ಶಾಲುಗಳನ್ನು ಮಡಿಸುತ್ತಾ, ತಲೆ ಎತ್ತದೆ, ಎಲ್ಲವನ್ನೂ ಹೇಳುತ್ತಾಳೆ. ಬಿಸಿಲು, ಕುರ್ಚಿ, ಗಿಣಿ, ಸಂಜೆ. ನಿರ್ದೇಶಕ ಪತ್ತೇದಾರನ ಕುರ್ಚಿಯಲ್ಲಿ ಕೂರಲು ಹೋಗಿ, ಕೂರದೆ ನಿಲ್ಲುತ್ತಾನೆ.

"ನಿನ್ನ ಶಾಲು ಸುಡಲ್ಲಮ್ಮ. ಅದನ್ನ ಮನೆಗೆ ತಗೊಂಡು ಹೋಗು. ಸುಡೋದು ನಕಲು ತಾನೇ?"

"ಅವಳಿಗೆ ಅದು ನಕಲು ಅಂತ ಹೇಗೆ ಗೊತ್ತಾಗುತ್ತೆ ಸಾರ್? ಅವಳು ನೋಡ್ತಾ ಇದ್ರೆ, ಓ, ಅಕ್ಕ ನನ್ನ ಸುಟ್ಟುಬಿಟ್ಟಳು ಅಂದ್ಕೊಳ್ಳಲ್ವಾ?"

"ಸುಡದಿದ್ರೆ ಕಥೆ ಮುಗಿಯಲ್ಲ ಕಣಮ್ಮ."

"ಮುಗೀದಿದ್ರೆ ಏನಾಯ್ತು ಸಾರ್? ನಮ್ಮನೇಲೂ ಮುಗಿದಿಲ್ಲ. ಉಪ್ಪು ಹುಳಿ ನಡೀತಾನೇ ಇದೆ."

ಇದನ್ನೆಲ್ಲ ಗೋಡೆಗೆ ಒರಗಿ ಕೇಳುತ್ತಿದ್ದ ನಟ ಇವತ್ತು ಗೊರಕೆ ಹೊಡೆಯುತ್ತಿಲ್ಲ. "ನನ್ನ ಕೈಲೂ ಆಗಲ್ಲ ಸಾರ್," ಎನ್ನುತ್ತಾನೆ. "ಇಷ್ಟು ವರ್ಷ ಅದರ ಎದುರಿಗೆ ಕೂತು ಮಾತಾಡಿದೀನಿ. ಕಡ್ಡಿ ಗೀರು ಅಂದ್ರೆ ಕೈ ಬರಲ್ಲ."

ನಿರ್ದೇಶಕ ಇಬ್ಬರ ಮೇಲೂ ರೇಗುತ್ತಾನೆ. ಧೂಳು ಹಾಕುವವರೂ ಕಥೆ ಬರೆಯಲು ಶುರುಮಾಡಿದರೆ ನಾನು ಪೊರಕೆ ಹಿಡಿಯುತ್ತೇನೆ ಎಂದು ಹೊರಟುಹೋಗುತ್ತಾನೆ. ಸಂಜೆ ಬಂದವನು ಬಾಗಿಲಲ್ಲೇ ನಿಂತು ಕೇಳುತ್ತಾನೆ. "ಸರಿ, ಸುಡಲ್ಲ. ಅವನಿಗೆ ಸತ್ತ ಸುದ್ದಿಯೂ ಸಿಗಲ್ಲ. ಎದ್ದು ಹೋಗ್ತಾನೆ. ಹೋಗುವಾಗ ಬಾಗಿಲು ಏನು ಮಾಡ್ತಾನೆ? ನಿಮ್ಮನೇಲಿ ಏನು ಮಾಡ್ತೀರಿ?"

"ಒರಗಿಸ್ತೀವಿ," ಎನ್ನುತ್ತಾಳೆ ಧೂಳಮ್ಮ. "ಚಿಲಕ ಹಾಕಲ್ಲ."

ಆ ಸಂಜೆ ಅವಳು ಎಂದಿನಂತೆ ಧೂಳು ಕೂರಿಸಿ, ಶಾಲನ್ನು ಒಳಮುಖ ಮಾಡಿ, ಹಿಂದಕ್ಕೆ ನಡೆದು ಹೋಗುತ್ತಾಳೆ. ಬೆಳಗಾದರೆ ಕೊನೆಯ ಶೂಟಿಂಗ್. ಮತ್ತೆ ಅದೇ ಅರೆಬೆಳಕು, ಅದೇ ಬೀಗ, ಅದೇ ಟಾರ್ಚು. ನೆಲದ ಮೇಲೆ ಹೆಜ್ಜೆ ಇಲ್ಲ. ಬೆಳಕನ್ನು ಮೆಲ್ಲಗೆ ಕುರ್ಚಿಯ ಕಡೆ ಎತ್ತುತ್ತಾಳೆ.

ಶಾಲು ತಿರುಗಿಲ್ಲ.

ಅವಳು ಇಟ್ಟು ಹೋದ ಹಾಗೇ, ಮಡಿಕೆ ಕೂಡ ಅಲುಗದೆ, ಸುಮ್ಮನೆ ಇದೆ. ಧೂಳಮ್ಮ ಹೊಸ್ತಿಲಲ್ಲೇ ಕೂತು ಕಾಯುತ್ತಾಳೆ, ಇನ್ನೂ ಹೊತ್ತಿದೆಯೇನೋ ಎಂಬಂತೆ. ಕಿಟಕಿಯಾಚೆ ಬರೀ ಗೋಡೆಯಿರುವ ಆ ಮನೆಗೆ ಬೆಳಗು ಬರುವ ದಾರಿಯಿಲ್ಲ. ಶಾಲು ತಿರುಗಿದ ಬೆಳಗ್ಗೆಗಳಿಗೆ ಒಗ್ಗಿಹೋಗಿದ್ದವಳಿಗೆ ಇವತ್ತು ಹೆದರಿಕೆಯಾಗುತ್ತದೆ. ತುಂಬಿದ ಮನೆಯಿಂದ ಯಾರೋ ಈಗಷ್ಟೇ ಎದ್ದು ಹೋದ ಹಾಗಿದೆ.

"ಹೇಳಬೇಕಾದ್ದು ಹೇಳಿ ಮುಗಿಸಿದಳೇನೋ," ಎನ್ನುತ್ತಾಳೆ ಆಮೇಲೆ. "ಇಲ್ಲಾ ಗಾಳಿ ನಿಂತಿತೇನೋ. ನಂಗೊತ್ತಿಲ್ಲಪ್ಪ."

ಆಗ ಎದ್ದು ಒಳಗೆ ಹೋಗಿ, ಈ ಕೆಲಸಕ್ಕೆ ಬಂದಾಗಿನಿಂದ ಮಾಡದ ಒಂದು ತಪ್ಪನ್ನು ತಿಳಿದೂ ತಿಳಿದೂ ಮಾಡುತ್ತಾಳೆ. ಶಾಲನ್ನು ತನ್ನ ಕೈಯಾರೆ ತಿರುಗಿಸುತ್ತಾಳೆ. ಕೆಂಪು ಹೊಲಿಗೆ ಹೊರಕ್ಕೆ, ಬಾಗಿಲ ಕಡೆಗೆ, ಕ್ಯಾಮೆರಾದ ಕಣ್ಣಿಗೆ ನೇರವಾಗಿ.

ದೀಪಗಳು ಹತ್ತುತ್ತವೆ. ನಟ ಬಂದು ಎದುರು ಕೂತವನೇ ಪಿಸುಗುಡುತ್ತಾನೆ. "ಅಕ್ಕಾ, ಶಾಲು ಉಲ್ಟಾ ಇದೆ."

"ಗೊತ್ತು. ಇರ್ಲಿ ಬಿಡು."

ಪತ್ತೇದಾರ ಇವತ್ತು ಶಾಲಿಗೆ ಏನೂ ಹೇಳುವುದಿಲ್ಲ. ಬಹಳ ಹೊತ್ತು ಕೂತು, ಏಳುತ್ತಾನೆ, ಧೂಳಿನಲ್ಲಿ ತನ್ನ ಹೆಜ್ಜೆಗಳನ್ನು ಬಿಟ್ಟು ನಡೆಯುತ್ತಾನೆ, ಬಾಗಿಲನ್ನು ಒರಗಿಸುತ್ತಾನೆ. ಆ ಹೆಜ್ಜೆಗಳನ್ನು ಅಳಿಸುವ ಕೆಲಸ ಇನ್ನಿಲ್ಲ. ನಾಳೆ ಬಡಗಿಗಳು ಬಂದು ಗೋಡೆ ಕಳಚುತ್ತಾರೆ. ಧೂಳಮ್ಮನಿಗೆ ಬೇರೆ ಶೆಡ್ಡಿನಲ್ಲಿ ಆಸ್ಪತ್ರೆಯ ಸೆಟ್ಟಂತೆ. ಅಲ್ಲಿ ಒಂದು ಚೂರೂ ಧೂಳಿರಬಾರದಂತೆ. "ಮರೆತಿರೋದನ್ನ ಮತ್ತೆ ಕಲೀಬೇಕು," ಎಂದು ನಗುತ್ತಾಳೆ. ಗಂಟಿನಲ್ಲಿ ಉಳಿದ ಧೂಳನ್ನು ಹೊರಗೆ ಕೊಡವಿ, ಶಾಲನ್ನು ಮಡಿಸದೆ ತೋಳಿನ ಮೇಲೆ ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ಕುರ್ಚಿ ಕಾಯುತ್ತಿದೆ.

"ಕೊನೇ ಕಂತು ಟೀವೀಲಿ ಬಂದ್ಮೇಲೆ ಎಲ್ಲರೂ ತಪ್ಪು ಹುಡುಕಿ ಬರೀತಾರೆ ನೋಡಿ, ಶಾಲು ಉಲ್ಟಾ ಅಂತ. ಬರೀಲಿ. ಇಷ್ಟು ವರ್ಷದಲ್ಲಿ ನಂದೊಂದು ತಪ್ಪು ಸಿಕ್ತು ಅಂತ ಖುಷಿಪಡಲಿ." ನಾಲ್ಕು ಹೆಜ್ಜೆ ಹೋದವಳು ನಿಲ್ಲುತ್ತಾಳೆ. "ಎಲ್ಲೋ ಒಬ್ಬಳು ಮಾತ್ರ ಅದನ್ನ ನೋಡಿ ತಪ್ಪು ಅನ್ನದೆ, ಕೊಕ್ಕು ಅಂದ್ರೆ ಸಾಕು ನಂಗೆ."